ಪ್ರತಿಕ್ರಿಯೆ: ಮೊದಲ ಸಾಲು ಸಪ್ಪೆಯಾಗಿದೆ, ಏನು ಮಾಡಲಿ?
ನಿಮ್ಮ ಶಿವನಸಮುದ್ರ ವಿದ್ಯುದಾಗಾರದ ಲೇಖನ ‘ವಿದ್ಯುತ್ತಿಲ್ಲದ ಬದುಕು ಊಹಿಸಲೂ ಅಸಾಧ್ಯ’ ಅಂತ ಶುರುವಾಗಿ ಸಪ್ಪೆ ಅನ್ನಿಸ್ತಿದೆ ಅಂದಿರಿ. ನಿಜ. ಆ ಸಾಲನ್ನು ಫ್ರಿಜ್ಜಿನ ಬಗೆಗಿನ ಲೇಖನಕ್ಕೂ ಅಂಟಿಸಬಹುದು, ತೊಂದರೆ ಇರೋದೇ ಅಲ್ಲಿ. ನಿಮ್ಮ ಮೂರನೇ ಪ್ಯಾರಾದಲ್ಲಿ ಅಡಗಿರೋ ಸಂಗತಿಯನ್ನು ಮೇಲಕ್ಕೆ ತನ್ನಿ: ‘1902ರಲ್ಲಿ ಶಿವನಸಮುದ್ರದ ಕರೆಂಟು ಹೊರಟಿದ್ದು ಬೆಂಗಳೂರಿಗಲ್ಲ, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ.’

ಓದುವವರಿಗೆ ತಕ್ಷಣ ‘ಯಾಕೆ?’ ಅನ್ನಿಸುತ್ತೆ. ಉತ್ತರವನ್ನು ಅದೇ ಸಾಲಿಗೆ ತುರುಕಬೇಡಿ. ಬೆಂಗಳೂರಿನ ಬೀದಿದೀಪ 1905ರವರೆಗೆ ಕಾಯಬೇಕಾಯ್ತು ಅನ್ನೋದು ಎರಡನೇ ಸಾಲಿಗಿರಲಿ, ಗಣಿಯ ಯಂತ್ರಗಳ ಕಥೆ ಆಮೇಲೆ.

ಇನ್ನೊಂದು ಮಾತು, ದಯವಿಟ್ಟು ‘ದೇಶದಲ್ಲೇ ಮೊದಲ ಜಲವಿದ್ಯುತ್’ ಅಂತ ಆರಂಭಿಸಬೇಡಿ. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಇತ್ತು. ಗೊತ್ತಿರೋ ಓದುಗರು ಅಲ್ಲೇ ನಿಂತುಬಿಡ್ತಾರೆ.