ಸ್ಯಾಲ್ಮನ್‌ಗೆ ಎರೆ ಹಾಕುವಾಗ, ವಾಪಸ್ ಬಿಡುವ ಮೀನು ಸಾಯದಂತೆ ಗಾಳ ಕಟ್ಟುವುದು ಹೇಗೆ?

ಗಾಳ ಎಲ್ಲಿ ಚುಚ್ಚುತ್ತದೆ ಅನ್ನೋದೇ ಮುಖ್ಯ. ದವಡೆಗೆ ಸಿಕ್ಕರೆ ಮೀನು ಸಾಮಾನ್ಯವಾಗಿ ಬದುಕುತ್ತದೆ. ಕಿವಿರಿಗೋ ಹೊಟ್ಟೆಗೋ ಹೋದರೆ ಉಳಿಯುವುದು ಕಷ್ಟ.

ಕ್ಯಾಲಿಫೋರ್ನಿಯಾ ಕಡಲಲ್ಲಿ ದೋಣಿಯನ್ನು ಅದರ ಪಾಡಿಗೆ ತೇಲಲು ಬಿಟ್ಟು ಆಂಚೊವಿ ಮೀನಿನ ಎರೆ ಇಳಿಸುತ್ತಾರೆ. ಇದಕ್ಕೆ ಮೂಚಿಂಗ್ ಅಂತಾರೆ. ಎರೆ ನಿಧಾನವಾಗಿ ಚಲಿಸುವುದರಿಂದ ಸ್ಯಾಲ್ಮನ್ ಅದನ್ನು ಪೂರ್ತಿ ನುಂಗಿಬಿಡಬಹುದು. ನಿಯಮದ ಅಳತೆಗಿಂತ ಚಿಕ್ಕ ಮೀನನ್ನು ಬಿಡಲೇಬೇಕಲ್ವಾ? ಅದಕ್ಕೇ ಅಲ್ಲಿನ ಕರಾವಳಿಯಲ್ಲಿ ಹಾರ್ಸ್ ಮೌಂಟನ್‌ನಿಂದ ಪಾಯಿಂಟ್ ಕನ್ಸೆಪ್ಷನ್‌ವರೆಗೆ ಹೀಗೆ ಹಿಡಿಯುವವರು ಸರ್ಕಲ್ ಹುಕ್ಕನ್ನೇ, ಅಂದರೆ ದುಂಡಗೆ ಬಾಗಿದ ಗಾಳವನ್ನೇ ಬಳಸಬೇಕು. ತುದಿಯ ಹಿಂದೆ ಚಿಕ್ಕ ಮುಳ್ಳು ಇರಬಾರದು. ಎರಡು ಹುಕ್ ಕಟ್ಟಿದರೆ ನಡುವಿನ ಅಂತರ 5 ಇಂಚು ಮೀರಬಾರದು. ಎರಡನ್ನೂ ಜಾರದಂತೆ ಗಂಟು ಹಾಕಿರಬೇಕು.

ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ, ತನ್ನ ಕಡ್ಡಿಯ ಕಡೆಗೇ ತಿರುಗಿರುತ್ತದೆ. ಹಾಗಾಗಿ ಗಂಟಲಿಗೆ ಇಳಿದರೂ ಸುಲಭಕ್ಕೆ ಚುಚ್ಚುವುದಿಲ್ಲ. ದಾರ ಬಿಗಿಯಾದಾಗ ಹಿಂದಕ್ಕೆ ಜಾರಿ ಬಾಯಿಯ ಮೂಲೆಯಲ್ಲಿ ತಿರುಗಿ ಕಚ್ಚಿಕೊಳ್ಳುತ್ತದೆ. ಮೀನು ಎಳೆದ ತಕ್ಷಣ ಕೋಲನ್ನು ಜಗ್ಗಬೇಡಿ, ದಯವಿಟ್ಟು. ಜಗ್ಗಿದರೆ ಈ ಗಾಳದ ಲಾಭವೇ ಹೋಯಿತು. ಸುಮ್ನೆ ರೀಲ್ ಸುತ್ತುತ್ತಾ ಬನ್ನಿ, ಅಷ್ಟೇ ಸಾಕು.

ಗಾಳ ತುಂಬಾ ಒಳಗೆ ಹೋಗಿದ್ದರೆ ಕೀಳಲು ಹೋಗದೆ ಬಾಯಿಯ ಹತ್ತಿರ ದಾರ ಕತ್ತರಿಸಿ. ಚಿಕ್ಕ ಮೀನನ್ನು ದೋಣಿಗೆ ಎತ್ತಬೇಡಿ, ನೀರಲ್ಲೇ ಇಕ್ಕಳದಿಂದ ಬಿಡಿಸಿ.

ಮೀನು ಕಡಿಮೆಯಾಗಿ 2023 ಮತ್ತು 2024ರಲ್ಲಿ ಆ ಕಡಲಲ್ಲಿ ಸ್ಯಾಲ್ಮನ್ ಹಿಡಿಯುವುದನ್ನೇ ಬಂದ್ ಮಾಡಿದ್ದರು. ಹೊರಡುವ ಮುಂಚೆ ಆ ವರ್ಷದ ನಿಯಮ ನೋಡಿಕೊಳ್ಳಿ.