ಐದನೇ ತಂತಿಯ ಗುಂಯ್‌ಗಾಟ

ಪ್ರಶ್ನೆ: ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಜೊತೆ ಜಿಮ್ಮಿ ಜಾನ್ಸನ್ ಬಾಸ್ ಗಿಟಾರ್ ನುಡಿಸಿದ್ದನ್ನು ಎದುರಿಗೇ ಕೇಳಿದ್ದೆ. ಎಷ್ಟು ಸ್ವಚ್ಛ ನಾದ! ನನ್ನ ಐದು ತಂತಿಯ ಬಾಸ್ ಮಾತ್ರ ಸದಾ ಗುಂಯ್‌ಗುಡುತ್ತದೆ. ಯಾಕೆ?

ಉತ್ತರ: ಜಾನ್ಸನ್‌ಗೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ. ಕೆಳ ಬಿ ತಂತಿಯ ಬಾಸನ್ನು 1970ರ ದಶಕದಲ್ಲೇ ಕೈಗೆತ್ತಿಕೊಂಡ ಮೊದಲಿಗರಲ್ಲಿ ಅವರೊಬ್ಬರು, ವಾದ್ಯ ಅಲೆಂಬಿಕ್ ಕಂಪನಿಯದು. ನಾಲ್ಕು ತಂತಿಯ ಬಾಸ್‌ನ ಅತಿ ತಗ್ಗಿನ ಇ ತಂತಿ ಸುಮಾರು 41 ಹರ್ಟ್ಸ್, ಐದನೆಯದಾದ ಬಿ ಬರೀ 31. ಬೇರೆ ತಂತಿ ಮೀಟಿದಾಗ, ಮುಟ್ಟದೆ ಬಿಟ್ಟ ಬಿ ತಾನಾಗಿಯೇ ಕಂಪಿಸುತ್ತದೆ. ನಿಮ್ಮ ಗುಂಯ್‌ಗಾಟದ ಮೂಲ ಬಹುಪಾಲು ಅದೇ. ಬೆರಳು ಎ, ಡಿ, ಜಿ ತಂತಿಗಳಿಗೆ ಸರಿದಂತೆ ಬಲ ಹೆಬ್ಬೆರಳೂ ಜೊತೆಗೆ ಸರಿದು ಬಿ, ಇ ಎರಡನ್ನೂ ಒತ್ತಿರಲಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೇ ಊರಿ ನಿಂತರೆ ಆಗದು. ತಂತಿ ಜೋಲು ಎನಿಸಿದರೆ 0.130 ಇಂಚಿನದು ಹಾಕಿ. ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಅದು ಪೂರ್ತಿ ಕೂರಬೇಕು. ಆಂಪ್‌ನಲ್ಲಿ (ಧ್ವನಿವರ್ಧಕ) ಬಾಸ್, ಅಂದರೆ ತಗ್ಗು ನಾದ, ಏರಿಸಬೇಡಿ; ಮಿಡ್, ಅಂದರೆ ನಡು ನಾದ, ತುಸು ಏರಿಸಿ.