1947ರಲ್ಲಿ ಜಾರ್ಜಿಯಾ ರಾಜ್ಯಕ್ಕೆ ಒಟ್ಟಿಗೆ ಮೂವರು ಗವರ್ನರ್‌ಗಳಿದ್ದದ್ದು ಹೇಗೆ?

ಮೊದಲೇ ಒಂದು ಮಾತು: ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕಗೊಂಡವರಲ್ಲ, ಜನರ ಮತದಿಂದ ಗೆದ್ದವರು. ಅಧಿಕಾರದ ಲೆಕ್ಕದಲ್ಲಿ ಮುಖ್ಯಮಂತ್ರಿಗೆ ಹತ್ತಿರ.

1946ರ ನವೆಂಬರ್‌ನಲ್ಲಿ ಗೆದ್ದ ಯೂಜೀನ್ ಟಾಲ್ಮೇಜ್, ಪ್ರಮಾಣವಚನಕ್ಕೆ ಮುಂಚೆಯೇ ಡಿಸೆಂಬರ್ 21ರಂದು ತೀರಿಕೊಂಡರು. ಇಂಥ ಸಂದರ್ಭಕ್ಕೆ 1945ರ ರಾಜ್ಯ ಸಂವಿಧಾನದಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ಎಲ್ಲ ಎಡವಟ್ಟಿಗೂ ಮೂಲ ಇದೇ. ಅದೇ ಸಂವಿಧಾನ ಹೊಸದಾಗಿ ಸೃಷ್ಟಿಸಿದ್ದ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಗೆದ್ದಿದ್ದ ಮೆಲ್ವಿನ್ ಥಾಂಪ್ಸನ್ 'ಸ್ಥಾನ ನನ್ನದು' ಎಂದರು. ಹಾಲಿ ಗವರ್ನರ್ ಎಲ್ಲಿಸ್ ಆರ್ನಾಲ್ ಕುರ್ಚಿ ಬಿಡಲಿಲ್ಲ. ಶಾಸನಸಭೆ ಯೂಜೀನರ ಮಗ ಹರ್ಮನ್‌ರನ್ನು ಆರಿಸಿತು.

ಯಾರಿಗೂ ಬಹುಮತ ಬಾರದಿದ್ದರೆ, ಹೆಚ್ಚು ಮತ ಪಡೆದು ಬದುಕಿರುವ ಇಬ್ಬರಲ್ಲಿ ಒಬ್ಬರನ್ನು ಸಭೆ ಆರಿಸಬಹುದಿತ್ತು. ಹರ್ಮನ್ ಆಯ್ಕೆಗೆ ಆಧಾರ, ಮತಪತ್ರದಲ್ಲಿ ಕೆಲವರು ಕೈಯಾರೆ ಬರೆದಿದ್ದ ಅವರ ಹೆಸರು. ಮೊದಲ ಎಣಿಕೆಯಲ್ಲಿ ಅವರು ಹಿಂದಿದ್ದರು. ಆಮೇಲೆ ತವರು ಟೆಲ್ಫೇರ್ ಕೌಂಟಿಯಲ್ಲಿ 58 ಮತ 'ಸಿಕ್ಕವು'. ಅದರಲ್ಲಿ ಸತ್ತವರ ಹೆಸರೂ ಇದ್ದವು ಎಂದು ಅಟ್ಲಾಂಟಾ ಜರ್ನಲ್ ಪತ್ರಿಕೆ ಬಯಲಿಗೆಳೆಯಿತು. ಇದು ಹಸಿ ಮೋಸ.

ರಾಜ್ಯಮುದ್ರೆ ಇಲ್ಲದೆ ಯಾವ ಅಧಿಕೃತ ಆದೇಶವೂ ಊರ್ಜಿತವಲ್ಲ. ರಾಜ್ಯ ಕಾರ್ಯದರ್ಶಿ ಬೆನ್ ಫೋರ್ಟ್‌ಸನ್ ಅದನ್ನು ತಮ್ಮ ಗಾಲಿಕುರ್ಚಿಯ ದಿಂಬಿನಡಿ ಇಟ್ಟುಕೊಂಡು ಅದರ ಮೇಲೇ ಕೂತರು.

ಆರ್ನಾಲ್ ಜನವರಿಯಲ್ಲೇ ಥಾಂಪ್ಸನ್ ಪರವಾಗಿ ರಾಜೀನಾಮೆ ಕೊಟ್ಟರು. ಮಾರ್ಚ್ 19ರಂದು ರಾಜ್ಯ ಸುಪ್ರೀಂ ಕೋರ್ಟ್ 5-2 ಬಹುಮತದಿಂದ ಥಾಂಪ್ಸನ್‌ರನ್ನು ಎತ್ತಿಹಿಡಿಯಿತು: ಯೂಜೀನ್‌ಗೆ ಬಹುಮತ ಬಂದಿದ್ದರಿಂದ ಬೇರೆಯವರನ್ನು ಆರಿಸುವ ಅಧಿಕಾರ ಸಭೆಗಿರಲಿಲ್ಲ. ಹರ್ಮನ್ ಅಂದೇ ಕಚೇರಿ ತೆರವು ಮಾಡಿದರು. 1948ರ ವಿಶೇಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ ಥಾಂಪ್ಸನ್‌ರನ್ನು ಸೋಲಿಸಿ, ಜನರ ಮತದಿಂದಲೇ ಮರಳಿದರು.